ಮೂಕಿ ಚಿತ್ರದಲ್ಲಿ ಫೌಸ್ಟನ ಕಥೆ

ಚಿತ್ರವಿದ್ದು ಧ್ವನಿಯಿಲ್ಲದ ಕೃತಿಯೊಂದನ್ನು ಕುರಿತು, ಧ್ವನಿಯಿದ್ದು ಚಿತ್ರವಿಲ್ಲದ ಈ ರೇಡಿಯೋದಲ್ಲಿ ಮಾತನಾಡಲು ಹೊರಟಿದ್ದೇನೆ. ಕುರುಡನ ಹೆಗಲೇರಿ ಕುಂಟನು ದಾರಿ ತೋರಿದ ಕಥೆ ಶ್ರೋತೃಗಳಿಗೆ ತಿಳಿದೇ ಇದೆ. ನಮ್ಮ ಈ ಸಂಜೆಯ ಪಯಣವೂ ಹಾಗೆಯೇ ಸಾಗಬೇಕು.

ನಾನು ಹೇಳಲಿರುವುದು ‘ಫೌಸ್ಟ್’ ಎಂಬ ಜರ್ಮನ್ ಮೂಕಿ ಚಿತ್ರದ ವಿಷಯ. ನಿರ್ದೇಶಕ ಫ್ರೀಡ್ರಿಶ್ ವಿಲ್ಹೆಲ್ಮ್ ಮುರ್ನಾವ್. ಅದು ಮೊದಲು ತೆರೆ ಕಂಡದ್ದು 1926ರ ಅಕ್ಟೋಬರ್ ತಿಂಗಳಲ್ಲಿ, ಬರ್ಲಿನ್ ನಗರದಲ್ಲಿ. ಮುರ್ನಾವ್ ತನ್ನ ದೇಶದಲ್ಲಿ ತೆಗೆದ ಕೊನೆಯ ಚಿತ್ರವೂ ಇದೇ. ಇದಾದ ಮೇಲೆ ಅವನು ಅಮೆರಿಕಕ್ಕೆ ಹೋದ. 1931ರಲ್ಲಿ, ಇನ್ನೂ ನಲವತ್ತೆರಡರ ವಯಸ್ಸಿನಲ್ಲಿ, ಮೋಟಾರು ಅಪಘಾತದಲ್ಲಿ ತೀರಿಕೊಂಡ. ಚಿತ್ರದ ಹೆಸರಿನ ಕೆಳಗೆ ‘ಒಂದು ಜರ್ಮನ್ ಜನಪದ ಕಥೆ’ ಎಂಬ ಅರ್ಥದ ಉಪಶೀರ್ಷಿಕೆಯಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ?

ಫೌಸ್ಟ್ ಎಂಬುವನೊಬ್ಬ ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಜರ್ಮನಿಯ ಊರೂರು ತಿರುಗುತ್ತಿದ್ದುದುಂಟು. ಜಾತಕ ಬರೆಯುವವನು, ಮಾಟಗಾರ, ಪಂಡಿತನೆಂದು ಹೇಳಿಕೊಳ್ಳುತ್ತಿದ್ದವನು. ಸತ್ತ ಮೇಲೆ ಅವನ ಸುತ್ತ ಕಥೆಗಳು ಹುತ್ತಗಟ್ಟಿದವು. 1587ರಲ್ಲಿ ಫ್ರಾಂಕ್‌ಫರ್ಟಿನ ಯೋಹಾನ್ ಸ್ಪೀಸ್ ಎಂಬ ಮುದ್ರಕ ಅವನ್ನೆಲ್ಲ ಸೇರಿಸಿದ ಪುಸ್ತಕವೊಂದನ್ನು ಹೊರತಂದ. ಅದರಲ್ಲಿ ಫೌಸ್ಟ್ ಸೈತಾನನೊಡನೆ ಇಪ್ಪತ್ತನಾಲ್ಕು ವರ್ಷಗಳ ಕರಾರು ಮಾಡಿಕೊಳ್ಳುತ್ತಾನೆ, ಅವಧಿ ಮುಗಿದ ರಾತ್ರಿ ಛಿದ್ರಛಿದ್ರನಾಗಿ ಸಾಯುತ್ತಾನೆ, ನರಕಕ್ಕೆ ಹೋಗುತ್ತಾನೆ. ಇಂಗ್ಲೆಂಡಿನ ಮಾರ್ಲೋ ಇದನ್ನೇ ನಾಟಕ ಮಾಡಿದ, ಅಲ್ಲಿಯೂ ನರಕವೇ. ಸಂತೆಗಳ ಗೊಂಬೆಯಾಟದಲ್ಲಿಯೂ ನರಕವೇ. ಬಾಲಕ ಗಯಟೆ ಈ ಕಥೆಯನ್ನು ಮೊದಲು ಅರಿತದ್ದು ಗೊಂಬೆಯಾಟದಿಂದ. ಜನರ ಕಥೆಗೆ ಈ ಮುಕ್ತಾಯದ ಬಗ್ಗೆ ಯಾವ ಸಂದೇಹವೂ ಇರಲಿಲ್ಲ.

ಸಂದೇಹ ಹುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ. ಜ್ಞಾನದ ದಾಹವುಳ್ಳವನನ್ನು ದೇವರು ನರಕಕ್ಕೆ ತಳ್ಳಬಹುದೆ ಎಂದು ಲೆಸ್ಸಿಂಗ್ ಯೋಚಿಸಿದ. ಫೌಸ್ಟನನ್ನು ಉಳಿಸುವ ನಾಟಕವೊಂದನ್ನು ಬರೆಯಲು ತೊಡಗಿ ಅರ್ಧಕ್ಕೆ ಬಿಟ್ಟ. ಗಯಟೆ ತನ್ನ ಕಾವ್ಯನಾಟಕದ ಮೊದಲ ಭಾಗವನ್ನು 1808ರಲ್ಲಿ ಪ್ರಕಟಿಸಿದ. ಎರಡನೆಯದು ಅವನು ತೀರಿಕೊಂಡ ಮೇಲೆ, 1832ರಲ್ಲಿ ಬಂದಿತು. ಗ್ರೆಚನ್ ಎಂಬ ಬಡ ಹುಡುಗಿ ಫೌಸ್ಟನ ಕಥೆಯೊಳಕ್ಕೆ ಬಂದದ್ದು ಗಯಟೆಯಿಂದಲೇ. 1772ರ ಜನವರಿಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೂಸನ್ನಾ ಮಾರ್ಗರೆಟಾ ಬ್ರಾಂಟ್ ಎಂಬ ಸೇವಕಿಯ ತಲೆ ಕಡಿಯಲಾಯಿತು. ಮದುವೆಯಿಲ್ಲದೆ ಹೆತ್ತ ಕೂಸನ್ನು ಕೊಂದಳೆಂಬುದು ಅವಳ ಅಪರಾಧ. ಆಗ ಗಯಟೆ ಅದೇ ಊರಿನಲ್ಲಿ ಎಳೆಯ ವಕೀಲ. ಗ್ರೆಚನ್ನಳ ಹಿಂದೆ ಈ ಹೆಣ್ಣಿನ ನೆರಳಿದೆ.

ಅಂದಮೇಲೆ ಮುರ್ನಾವ್ ಜನಪದ ಕಥೆಯೆಂದು ಕರೆದದ್ದರಲ್ಲಿ ಅರ್ಧ ಭಾಗ ಜನಪದವಲ್ಲ. ಚಿತ್ರದ ಉತ್ತರಾರ್ಧವೆಲ್ಲ ಗ್ರೆಚನ್ನಳದೇ. ಇದನ್ನೇ ಹಿಡಿದು ನಾನು ಬಹುಕಾಲ ಈ ಚಿತ್ರವನ್ನು ಹಗುರವಾಗಿ ಕಂಡೆ. ಮಹಾಕವಿಯ ಹೊಲದಲ್ಲಿ ಕದ್ದು ಬೆಳೆ ಕೊಯ್ದು, ಅದಕ್ಕೆ ಜಾನಪದವೆಂದು ಹೆಸರಿಟ್ಟಿದ್ದಾರೆ ಎಂದು ತರಗತಿಯಲ್ಲಿ ನಗೆಯಾಡಿದ್ದೂ ಉಂಟು. ನನ್ನ ತೀರ್ಮಾನ ಬದಲಾದದ್ದು ಒಂದು ಪ್ರಶ್ನೆಯಿಂದ.

ಸುಮಾರು ಮೂವತ್ತು ವರ್ಷಗಳ ಹಿಂದೆ ಎಂ.ಎ. ತರಗತಿಗೆ ತೌಲನಿಕ ಸಾಹಿತ್ಯ ಪಾಠ ಮಾಡುತ್ತ ಗಯಟೆಯ ಫೌಸ್ಟನ ಮುಕ್ತಾಯವನ್ನು ವಿವರಿಸುತ್ತಿದ್ದೆ. ಮೊದಲ ಭಾಗದ ಕೊನೆಯಲ್ಲಿ ಗ್ರೆಚನ್ ಸೆರೆಮನೆಯಲ್ಲಿ ಸಾವಿಗಾಗಿ ಕಾಯುತ್ತಾಳೆ. ಫೌಸ್ಟ್ ಅವಳನ್ನು ಬಿಡಿಸಲು ಬಂದವನು, ಅವಳು ಒಪ್ಪದಿದ್ದಾಗ, ಮೆಫಿಸ್ಟೋನೊಡನೆ ಹೊರಟುಹೋಗುತ್ತಾನೆ. ಎರಡನೆಯ ಭಾಗದಲ್ಲಿ ಹಸುರು ಹುಲ್ಲಿನ ಮೇಲೆ ಎಚ್ಚರಗೊಳ್ಳುತ್ತಾನೆ; ಹಳೆಯ ನೋವು ಮರೆತಿರುತ್ತದೆ. ಮುಂದೆ ಮುದುಕನಾಗಿ ಸತ್ತಾಗ ದೇವದೂತರು ಅವನ ಆತ್ಮವನ್ನು ಮೇಲಕ್ಕೊಯ್ಯುತ್ತಾರೆ. ಸ್ವರ್ಗದಲ್ಲಿ ಅವನ ಪರವಾಗಿ ಬೇಡಿಕೊಳ್ಳುವವಳು ಅದೇ ಗ್ರೆಚನ್. ನಾನು ಇಷ್ಟು ಹೇಳಿದೊಡನೆ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸಾರ್, ಕಷ್ಟಪಟ್ಟವಳು ಅವಳು. ಅವನಿಗಾಗಿ ಬೇಡಿಕೊಂಡವಳೂ ಅವಳೇ. ಅವನು ಏನು ಮಾಡಿದ ಸಾರ್?” ಎಂದು ಕೇಳಿದಳು. ನಾನು ನಿರಂತರ ಸಾಧನೆ, ಮಾನವಚೇತನದ ಹಂಬಲ ಮುಂತಾಗಿ ಇಪ್ಪತ್ತು ನಿಮಿಷ ಮಾತನಾಡಿದೆ. ಅವಳು ಪೂರ್ತಿ ಕೇಳಿ, “ಇರಲಿ ಸಾರ್” ಎಂದು ಕುಳಿತುಕೊಂಡಳು. ಆ ‘ಇರಲಿ’ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಚಿತ್ರಸಮಾಜದಲ್ಲಿ. ಸವೆದುಹೋದ ಪ್ರತಿ, ಹಿನ್ನೆಲೆ ಸಂಗೀತವಿಲ್ಲ, ಪ್ರೊಜೆಕ್ಟರಿನ ಕಟಕಟ ಸದ್ದೊಂದೇ. ಆ ವಯಸ್ಸಿಗೆ ತಕ್ಕಂತೆ ನನ್ನ ಕಣ್ಣು ನೆಟ್ಟದ್ದು ಚಮತ್ಕಾರಗಳ ಮೇಲೆ. ಪುಟ್ಟ ಊರೊಂದರ ಮಾಡುಗಳ ಮೇಲೆ ಮೆಫಿಸ್ಟೋ ಬೆಟ್ಟದಂತೆ ಎದ್ದು ನಿಂತು ಕರಿಯ ನಿಲುವಂಗಿಯನ್ನು ಹರಡುತ್ತಾನೆ; ಅದರಡಿಯಿಂದ ಮಹಾಮಾರಿಯ ಹೊಗೆ ಬೀದಿಬೀದಿಗೆ ಇಳಿಯುತ್ತದೆ. ಊರು ಮಣೆಯ ಮೇಲಿಟ್ಟ ಮಾದರಿ, ಹೊಗೆ ಬೀಸಣಿಗೆ ಯಂತ್ರದಿಂದ ಊದಿದ ಮಸಿ ಎಂಬುದು ತಿಳಿದ ಮೇಲೂ ಭಯ ಕಡಿಮೆಯಾಗುವುದಿಲ್ಲ. ಮೆಫಿಸ್ಟೋನ ನಿಲುವಂಗಿಯನ್ನೇರಿ ಫೌಸ್ಟ್ ಆಕಾಶದಲ್ಲಿ ಹಾರುವಾಗ ಕೆಳಗೆ ಸರಿಯುವ ಊರು, ಪರ್ವತ, ಜಲಪಾತಗಳೂ ಹಾಗೆಯೇ: ಕಲಾನಿರ್ದೇಶಕರಾದ ಹೆರ್ಲ್ಟ್ ಮತ್ತು ರೋಹ್ರಿಗ್ ಸ್ಟುಡಿಯೋದೊಳಗೆ ಕಟ್ಟಿದ ಸಣ್ಣ ಭೂಮಂಡಲ. ಫ್ರೆಂಚ್ ನಿರ್ದೇಶಕ ಎರಿಕ್ ರೋಮೆರ್ ಈ ಒಂದೇ ಚಿತ್ರದ ಅವಕಾಶವಿನ್ಯಾಸವನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದ. 1977ರಲ್ಲಿ ಅದು ಪುಸ್ತಕವಾಗಿಯೂ ಬಂದಿತು.

ನಿವೃತ್ತನಾದ ಮೇಲೆ ಜೀರ್ಣೋದ್ಧಾರಗೊಂಡ ಪ್ರತಿಯನ್ನು ನೋಡಿದೆ. ಇಲ್ಲಿ ನನ್ನ ಕಸುಬಿನ ಒಂದು ಮಾತು. ಹೊರದೇಶಗಳಿಗೆ ಕಳುಹಿಸಲೆಂದು ಒಂದೇ ದೃಶ್ಯವನ್ನು ಹಲವು ಬಾರಿ ಚಿತ್ರೀಕರಿಸಿ ಬೇರೆಬೇರೆ ನೆಗೆಟಿವ್‌ಗಳನ್ನು ಸಿದ್ಧಪಡಿಸುವ ಪದ್ಧತಿ ಆಗ ಇತ್ತು. ಹೀಗಾಗಿ ‘ಫೌಸ್ಟ್’ ಚಿತ್ರಕ್ಕೆ ಹಲವು ಪಾಠಗಳುಂಟು. ಸ್ಪೇನಿನ ವಿದ್ವಾಂಸ ಲೂಸಿಯಾನೊ ಬೆರಿಯಾಟುವಾ ಅವನ್ನೆಲ್ಲ ಚೌಕಟ್ಟಿಗೆ ಚೌಕಟ್ಟು ಹೋಲಿಸಿ ಜರ್ಮನ್ ಪಾಠವನ್ನು ಬೇರ್ಪಡಿಸಿದರು. ಓಲೆಗರಿಗಳನ್ನು ಮುಂದಿಟ್ಟುಕೊಂಡು ಪಾಠಾಂತರ ಗುರುತಿಸಿ ಕಣ್ಣು ನೋಯಿಸಿಕೊಂಡ ನನ್ನಂಥವನಿಗೆ ಈ ಕೆಲಸದ ಬೆಲೆ ಗೊತ್ತು.

ಎರಡನೆಯ ಬಾರಿ ನನ್ನ ಕಣ್ಣು ಮುದುಕನ ಮೇಲಿತ್ತು. ಮುದುಕ ಫೌಸ್ಟನಾಗಿಯೂ ತರುಣ ಫೌಸ್ಟನಾಗಿಯೂ ನಟಿಸಿದವನು ಸ್ವೀಡನ್ನಿನ ಗೋಸ್ಟಾ ಎಕ್‌ಮನ್; ಆಗ ಅವನಿಗೆ ಮೂವತ್ತೈದರ ಆಸುಪಾಸು. ತರುಣನ ಪಾತ್ರದಲ್ಲಿ ಅವನು ಸುಂದರಾಂಗ, ಅಷ್ಟೆ. ಮುದುಕನ ಪಾತ್ರದಲ್ಲಿ ಅವನು ದೊಡ್ಡ ನಟ. ಈ ಫೌಸ್ಟ್ ಸೈತಾನನನ್ನು ಕರೆಯುವುದು ಜ್ಞಾನದಾಹದಿಂದಲೂ ಅಲ್ಲ, ಭೋಗದ ಆಸೆಯಿಂದಲೂ ಅಲ್ಲ. ಊರು ಮಾರಿಗೆ ಸಿಕ್ಕಿ ಸಾಯುತ್ತಿದೆ. ಒಬ್ಬ ಹುಡುಗಿ ತನ್ನ ತಾಯಿಯನ್ನು ಉಳಿಸಿಕೊಡೆಂದು ಕಾಲು ಹಿಡಿಯುತ್ತಾಳೆ. ಅವನ ಔಷಧಿ ಕೆಲಸಮಾಡುವುದಿಲ್ಲ. ಮನೆಗೆ ಬಂದು ಗ್ರಂಥಗಳನ್ನು ಬೆಂಕಿಗೆ ಎಸೆಯುತ್ತಾನೆ. ಉರಿಯುವ ಪುಟಗಳ ನಡುವೆಯೇ ಮಾಟದ ದಾರಿ ಅವನ ಕಣ್ಣಿಗೆ ಬೀಳುತ್ತದೆ. ಮೊದಲು ಅವನು ಒಪ್ಪುವುದು ಒಂದೇ ದಿನದ ಕರಾರಿಗೆ, ಅದೂ ರೋಗಿಗಳಿಗಾಗಿ. ಆದರೆ ಶಿಲುಬೆ ಹಿಡಿದ ರೋಗಿಯೊಬ್ಬಳ ಎದುರು ಅವನು ಮುಖ ತಿರುಗಿಸುತ್ತಾನೆ; ಜನ ಗುಟ್ಟನ್ನರಿತು ಕಲ್ಲೆಸೆಯುತ್ತಾರೆ. ಯೌವನದ ಆಮಿಷ ಬರುವುದು ಇಷ್ಟಾದ ಮೇಲೆ, ಅವನು ವಿಷದ ಬಟ್ಟಲನ್ನು ಎತ್ತಿದಾಗ. 2020ರ ಸಾಂಕ್ರಾಮಿಕವನ್ನು ಕಂಡ ನಮಗೆ ಈ ಭಾಗ ದೂರದ ಕಥೆಯಾಗಿ ತೋರದು.

ನಡುವಿನ ಭಾಗವನ್ನು ಬೇಗನೆ ದಾಟುತ್ತೇನೆ. ಪಾರ್ಮಾದ ರಾಣಿಯ ವೈಭವ ನನಗೆ ರುಚಿಸಲಿಲ್ಲ. ಮೆಫಿಸ್ಟೋ ಆಗಿರುವ ಎಮಿಲ್ ಯಾನಿಂಗ್ಸ್ ಮಹಾನಟನೇ. ಮುಂದೆ ಅಮೆರಿಕದ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ಮೊದಲ ನಟ ಅವನೇ. ಆದರೆ ಗ್ರೆಚನ್ನಳ ಬಂಧುವೊಬ್ಬಳೊಡನೆ ಅವನು ಆಡುವ ಸರಸದಲ್ಲಿ ನಮ್ಮ ಕಂಪನಿ ನಾಟಕದ ಹಾಸ್ಯಪಾತ್ರದ ವಾಸನೆ ಹೆಚ್ಚಾಯಿತು. ಮುಂದಿನದು ಹಾಗಲ್ಲ. ಅಣ್ಣ ಕೊಲೆಯಾಗಿ, ತಾಯಿ ಸತ್ತು, ಊರಿನಿಂದ ತಿರಸ್ಕೃತಳಾದ ಗ್ರೆಚನ್ ಕೂಸನ್ನು ಎತ್ತಿಕೊಂಡು ಹಿಮದಲ್ಲಿ ಅಲೆಯುತ್ತಾಳೆ. ಯಾವ ಬಾಗಿಲೂ ತೆರೆಯದು. ಬಳಲಿಕೆಯಲ್ಲಿ ಅವಳಿಗೆ ಹಿಮದ ಮೇಲೊಂದು ತೊಟ್ಟಿಲು ಕಾಣುತ್ತದೆ. ಮಗುವನ್ನು ಅದರಲ್ಲಿ ಮಲಗಿಸುತ್ತಾಳೆ, ಹೊದಿಸುತ್ತಾಳೆ. ಅಲ್ಲಿರುವುದು ಬರಿಯ ಹಿಮ. ಸೂಸನ್ನಾ ಬ್ರಾಂಟಳಿಗೆ ನ್ಯಾಯಾಲಯ ಮಾಡದಿದ್ದ ವಾದವನ್ನು ಈ ದೃಶ್ಯ ಮಾಡುತ್ತದೆಂದು ನನಗೆ ತೋರಿತು. ನಟಿ ಕಮಿಲ್ಲಾ ಹಾರ್ನ್‌ಗೆ ಇದು ಮೊದಲ ದೊಡ್ಡ ಪಾತ್ರ.

ಗ್ರೆಚನ್ ಕೂಗುತ್ತಾಳೆ. ಮೂಕಿ ಚಿತ್ರದಲ್ಲಿ ಕೂಗನ್ನು ಹೇಗೆ ಕೇಳಿಸುವುದು? ಬಾಯ್ದೆರೆದ ಅವಳ ಮುಖವೇ ದೊಡ್ಡದಾಗಿ ಬೆಟ್ಟಕಾಡುಗಳ ಮೇಲೆ ಧಾವಿಸಿ ದೂರದ ಫೌಸ್ಟನನ್ನು ಮುಟ್ಟುತ್ತದೆ. ನಾನು ಕೇಳಿದ ಯಾವ ವಾಕ್ಚಿತ್ರದ ಕೂಗೂ ಇಷ್ಟು ದೂರ ಹೋಗಿಲ್ಲ.

ಅವನು ಓಡಿಬರುತ್ತಾನೆ. ಅವಳನ್ನು ಸುಡಲು ಸೌದೆ ಒಟ್ಟಿದ್ದಾರೆ. ತಾನು ಪಡೆದ ಯೌವನವನ್ನು ಅವನು ಶಪಿಸುತ್ತಾನೆ. ಮೆಫಿಸ್ಟೋ ಅದನ್ನೇ ವರವೆಂಬಂತೆ ನಡೆಸಿಕೊಟ್ಟು ಅವನನ್ನು ಮರಳಿ ಮುದುಕನನ್ನಾಗಿ ಮಾಡುತ್ತಾನೆ. ಆ ಮುದುಕ ಜನಜಂಗುಳಿಯನ್ನು ನೂಕಿಕೊಂಡು ಹೋಗಿ, ಎಡವುತ್ತ ಚಿತೆಯನ್ನೇರಿ ಅವಳ ಪಾದದ ಬಳಿ ಬೀಳುತ್ತಾನೆ. ಅವಳು ಬಾಗಿ ನೋಡುತ್ತಾಳೆ. ಕ್ಷಣಕಾಲ ಅವಳ ಕಣ್ಣಿಗೆ, ಅವಳ ಮೂಲಕ ನಮ್ಮ ಕಣ್ಣಿಗೂ, ಅವನು ತರುಣನಾಗಿಯೇ ಕಾಣುತ್ತಾನೆ. ಉರಿ ಇಬ್ಬರನ್ನೂ ಮುಚ್ಚುತ್ತದೆ.

ಈ ಮುಕ್ತಾಯ 1587ರ ಪುಸ್ತಕದಲ್ಲಿಲ್ಲ, ಗಯಟೆಯಲ್ಲಿಯೂ ಇಲ್ಲ. ಉಪಶೀರ್ಷಿಕೆಯನ್ನು ನಾನೀಗ ಒಪ್ಪುವುದು ಇದಕ್ಕಾಗಿ. ಹಳೆಯ ಕಥೆಯನ್ನು ಕೈಗೆತ್ತಿಕೊಂಡವನು ಅದರ ಕೊನೆಯನ್ನು ತನ್ನ ಮನಸ್ಸಾಕ್ಷಿಗೆ ಒಪ್ಪುವಂತೆ ತಿದ್ದುವ ಹಕ್ಕು ಕಥೆ ಹೇಳುವ ಅಜ್ಜಿಗೆ ಎಂದಿನಿಂದಲೂ ಇದೆ. ಆ ಹಕ್ಕನ್ನು ಮುರ್ನಾವ್ ಬಳಸಿಕೊಂಡ. ನಮ್ಮ ಊರುಗಳ ಹೊರವಲಯದಲ್ಲಿ ಮಾಸ್ತಿಕಲ್ಲುಗಳನ್ನು ನೋಡುತ್ತ ಬೆಳೆದವನು ನಾನು. ಚಿತೆಯೇರುವುದು ಹೆಣ್ಣಿನ ಪಾಲಿನದೆಂದು ಆ ಕಲ್ಲುಗಳು ಹೇಳುತ್ತವೆ. ಹೆಣ್ಣಿನ ಚಿತೆಯನ್ನು ತಾನಾಗಿ ಏರುವ ಗಂಡಸನ್ನು ನಾನು ಕಂಡದ್ದು ಈ ಚಿತ್ರದಲ್ಲಿ.

ಆಮೇಲೆ ಆಕಾಶದಲ್ಲಿ ದೇವದೂತನಿಗೂ ಮೆಫಿಸ್ಟೋನಿಗೂ ವಾದವಾಗಿ, ಕರಾರನ್ನು ಮುರಿಯುವ ಒಂದೇ ಪದ, ಪ್ರೇಮ ಎಂಬರ್ಥದ್ದು, ಬೆಳಕಿನ ಅಕ್ಷರಗಳಲ್ಲಿ ಮೂಡುತ್ತದೆ. ನನಗೆ ಅದು ಬೇಕಿರಲಿಲ್ಲ. ಮುದುಕ ಎಡವುತ್ತ ಹತ್ತಿದ ಆ ನಾಲ್ಕು ಹೆಜ್ಜೆಗಳಲ್ಲೇ ಎಲ್ಲವೂ ಬಂದಿತ್ತು.

ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನಾನರಿಯೆ. ಅವನು ಏನು ಮಾಡಿದ ಎಂಬ ಪ್ರಶ್ನೆಗೆ ಈ ಚಿತ್ರವನ್ನು ತೋರಿಸಬಹುದಾಗಿತ್ತು. ಆದರೆ ಅವಳ ಸ್ವಭಾವ ನನಗೆ ಗೊತ್ತು. ಪೂರ್ತಿ ನೋಡಿ, “ಹತ್ತಿದ, ಸರಿ. ಅವಳನ್ನು ಇಳಿಸಲಿಲ್ಲವಲ್ಲ ಸಾರ್?” ಎನ್ನುತ್ತಿದ್ದಳೋ ಏನೋ.