ದಿನಕ್ಕೆ 50 ಪದ, 30 ದಿನಕ್ಕೆ ಇಂಗ್ಲಿಷ್: ವಾಟ್ಸಾಪ್ ಪಟ್ಟಿ ಓದಿದರೆ ಭಾಷೆ ಬರುತ್ತದೆಯೇ?

ಕುಮಟಾ ತಾಲೂಕಿನ ಕಾಗಾಲದ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳಿಸಿದ್ದಾರೆ. ಎಡಗಡೆ ಇಂಗ್ಲಿಷ್ ಪದ, ನಡುವೆ ಅದರ ಉಚ್ಚಾರ ಕನ್ನಡ ಅಕ್ಷರದಲ್ಲಿ, ಬಲಗಡೆ ಕನ್ನಡ ಅರ್ಥ. ಮೇಲೆ ದಪ್ಪ ಅಕ್ಷರದಲ್ಲಿ ಹೀಗಿದೆ: ‘ದಿನಕ್ಕೆ 50 ಪದ ಓದಿ, 30 ದಿನದಲ್ಲಿ ಇಂಗ್ಲಿಷ್ ಮಾತಾಡಿ.’ ಅದೇ ಗ್ರೂಪಿಗೆ ಮರುದಿನ ಇನ್ನೊಂದು ಸಂದೇಶ ಬಂದಿದೆ: ‘ಅರ್ಥ ಕನ್ನಡದಲ್ಲಿ ಹೇಳಿಕೊಟ್ಟರೆ ಮಗುವಿಗೆ ಯಾವತ್ತೂ ಇಂಗ್ಲಿಷ್ ಬರುವುದಿಲ್ಲ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ.’ ಓದುಗರ ಮಗಳು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಳೆ. ‘ಎರಡರಲ್ಲಿ ಯಾವುದನ್ನು ನಂಬುವುದು ಮಾರಾಯ್ರೆ?’ ಎಂದು ಕೇಳಿದ್ದಾರೆ.

ಮೊದಲನೆಯದು ಅರ್ಧ ಸರಿ. ಎರಡನೆಯದು ತಪ್ಪು, ಮತ್ತು ಹೆಚ್ಚು ಹಾನಿ ಮಾಡುವುದೂ ಅದೇ. ಯಾಕೆಂದರೆ ಅದನ್ನು ನಂಬಿದ ಅಪ್ಪ ಅಮ್ಮ ತಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡುವುದನ್ನು ಕಡಿಮೆ ಮಾಡುತ್ತಾರೆ. ಆದ್ದರಿಂದ ಅದನ್ನೇ ಮೊದಲು ನೋಡೋಣ.

ಕನ್ನಡದಲ್ಲಿ ಅರ್ಥ ಹೇಳಿದರೆ ಇಂಗ್ಲಿಷ್ ಕೆಡುತ್ತದೆಯೇ?

‘ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು’ ಎಂಬ ಮಾತು ನಮ್ಮೂರಿನದಲ್ಲ. 1878ರಲ್ಲಿ ಅಮೆರಿಕದಲ್ಲಿ ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ ಎಂಬವರು ಒಂದು ಭಾಷಾಶಾಲೆ ತೆರೆದರು. ಅನುವಾದವೇ ಇಲ್ಲದೆ, ವಸ್ತು ತೋರಿಸಿ, ಅಭಿನಯಿಸಿ ಪಾಠ ಮಾಡುವುದು ಅಲ್ಲಿನ ಪದ್ಧತಿ. ಅಂಥ ತರಗತಿಯಲ್ಲಿ ಬೇರೆಬೇರೆ ಮನೆಮಾತಿನವರು ಒಟ್ಟಿಗೆ ಕೂತಿರುತ್ತಾರೆ, ಮೇಷ್ಟ್ರಿಗೆ ಅವರ ಭಾಷೆ ಬಾರದಿರಬಹುದು. ಅಲ್ಲಿ ಅದು ಅನುಕೂಲವೇ. ಮುಂದೆ 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ನಡೆದ ಕಾಮನ್‌ವೆಲ್ತ್ ದೇಶಗಳ ಸಮ್ಮೇಳನದ ನಂತರ ಇದು ಇಂಗ್ಲಿಷ್ ಬೋಧನೆಯ ನಿಯಮದಂತೆಯೇ ಹಬ್ಬಿತು. 1992ರಲ್ಲಿ ಭಾಷಾವಿದ್ವಾಂಸ ರಾಬರ್ಟ್ ಫಿಲಿಪ್ಸನ್ ಈ ನಿಯಮಕ್ಕೆ ಆಧಾರವಿಲ್ಲವೆಂದು ವಾದಿಸಿ, ಅದನ್ನು ಏಕಭಾಷೆಯ ಭ್ರಮೆ ಎಂದು ಕರೆದರು.

ಕುಮಟಾದ ತರಗತಿಯಲ್ಲಿ ಮೇಷ್ಟ್ರಿಗೂ ಕನ್ನಡ ಬರುತ್ತದೆ, ಮಕ್ಕಳಿಗೂ ಬರುತ್ತದೆ. ಎದುರಿಗಿರುವ ಏಣಿಯನ್ನು ಬಿಟ್ಟು ಮರ ಹತ್ತಿ ಎಂದರೆ ಹೇಗೆ?

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 1996ರಲ್ಲಿ ಪೀಟರ್ ಪ್ರಿನ್ಸ್ ಎಂಬವರು ಫ್ರಾನ್ಸಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇಂಗ್ಲಿಷ್ ಪದಗಳನ್ನು ಫ್ರೆಂಚ್ ಅರ್ಥದ ಜೊತೆ ಕೊಟ್ಟರು, ಉಳಿದವರಿಗೆ ವಾಕ್ಯಗಳೊಳಗೆ ಕೊಟ್ಟರು. ಹೆಚ್ಚು ಪದ ನೆನಪಿಟ್ಟುಕೊಂಡವರು ಅರ್ಥದ ಜೊತೆ ಕಲಿತವರು. ಆದರೆ ಇಂಗ್ಲಿಷಿನಲ್ಲಿ ಹಿಂದಿದ್ದವರಿಗೆ ಹಾಗೆ ಕಲಿತ ಪದವನ್ನು ವಾಕ್ಯದಲ್ಲಿ ಸರಿಯಾಗಿ ಕೂರಿಸುವುದು ಕಷ್ಟವಾಯಿತು. ಈ ಎರಡೂ ಮಾತನ್ನು ಒಟ್ಟಿಗೆ ನೆನಪಿಡಿ. ಅನುವಾದದಿಂದ ಪದ ಬೇಗ ಒಳಗೆ ಬರುತ್ತದೆ, ಬಳಕೆಗೆ ಬರಲು ಅದೊಂದೇ ಸಾಲುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮಲ್ಲೇ ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಾಡಿದ ಫರ್ಡಿನೆಂಡ್ ಕಿಟೆಲ್ ಜರ್ಮನ್ ಮನುಷ್ಯ. ಜರ್ಮನ್ ಮನೆಮಾತಿನವರೊಬ್ಬರು ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದರು. ಅನುವಾದದಿಂದ ಭಾಷೆ ಕೆಡುವುದಾಗಿದ್ದರೆ ಆ ನಿಘಂಟನ್ನು ಇಂದಿಗೂ ಯಾರೂ ತೆರೆಯುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸುತ್ತು ಇದೆ. ಕುಮಟಾ, ಹೊನ್ನಾವರದ ಬಹಳ ಮಕ್ಕಳ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ. ಅವರಿಗೆ ಬಲಗಡೆಯ ಕನ್ನಡವೇ ಎರಡನೆಯ ಭಾಷೆ. ಅಂಥ ಮಗುವಿಗೆ ಅರ್ಥವನ್ನು ಕೊಂಕಣಿಯಲ್ಲಿ ಹೇಳಿದರೂ ತಪ್ಪಿಲ್ಲ. ಯಾವ ಭಾಷೆಯಲ್ಲಿ ಹೇಳಿದರೆ ಮಗುವಿನ ಕಣ್ಣಿಗೆ ಆ ವಸ್ತು ಕಟ್ಟುತ್ತದೋ ಅದರಲ್ಲಿ ಹೇಳಿ.

ಹಾಗಾದರೆ ಪಟ್ಟಿ ಓದಿದರೆ ಸಾಕೇ?

ಇಲ್ಲಿ ಮೊದಲ ಫಾರ್ವರ್ಡ್ ಎಡವುತ್ತದೆ. ದಿನಕ್ಕೆ 50ರಂತೆ 30 ದಿನಕ್ಕೆ 1,500 ಪದ. ಲೆಕ್ಕ ಸರಿ. ಆದರೆ ಓದಿದ ಪದ ಬೇರೆ, ಕಲಿತ ಪದ ಬೇರೆ.

2008ರಲ್ಲಿ ಅಮೆರಿಕದ ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ ಮಾಡಿದ ಪ್ರಯೋಗ ನಮ್ಮ ಪಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದ ಜೊತೆ ಕೊಟ್ಟರು. ಒಂದು ಪದವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ ಕೆಲವರಿಗೆ ಆ ಪದವನ್ನು ಬರೀ ಮತ್ತೆಮತ್ತೆ ಓದಲು ಕೊಟ್ಟರು, ಪ್ರಶ್ನೆ ಕೇಳಲಿಲ್ಲ. ಇನ್ನು ಕೆಲವರಿಗೆ ‘ಇದರ ಅರ್ಥವೇನು?’ ಎಂದು ಕೇಳುತ್ತಲೇ ಇದ್ದರು. ವಾರದ ನಂತರ ನೋಡಿದಾಗ, ಕೇಳಿಸಿಕೊಂಡು ಉತ್ತರಿಸಿದವರಿಗೆ ಶೇ. 80ರಷ್ಟು ಪದ ನೆನಪಿತ್ತು. ಬರೀ ಓದಿದವರಿಗೆ ಶೇ. 35ರ ಆಸುಪಾಸು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿದ್ದರು: ಅರ್ಧದಷ್ಟು. ಅಂದರೆ ಬರೀ ಓದಿದವರಿಗೆ ತಮಗೆ ಬಂದಿಲ್ಲ ಎಂಬುದೇ ಗೊತ್ತಾಗಿರಲಿಲ್ಲ. ಎರಡೂ ಸಾಲು ಕಣ್ಣ ಮುಂದೆ ಇರುವಾಗ ಎಲ್ಲವೂ ಗೊತ್ತಿರುವಂತೆಯೇ ಕಾಣುತ್ತದೆ. ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಪಟ್ಟಿಯನ್ನು ಬೆರಳಲ್ಲಿ ಸರಿಸುವ ನಮಗೆಲ್ಲ ಆಗುವುದು ಇದೇ.

ಪಟ್ಟಿಯ ಜೋಡಣೆಯಲ್ಲೂ ಒಂದು ತೊಂದರೆಯಿದೆ. ಇವತ್ತು ಹಣ್ಣುಗಳು, ನಾಳೆ ತರಕಾರಿಗಳು, ನಾಡಿದ್ದು ಪ್ರಾಣಿಗಳು ಎಂದು ಗುಂಪು ಮಾಡಿರುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ 1990ರ ದಶಕದಲ್ಲಿ ಥಾಮಸ್ ಟಿಂಕಮ್, ಆಮೇಲೆ ರಾಬ್ ವೇರಿಂಗ್ ಮಾಡಿದ ಪ್ರಯೋಗಗಳಲ್ಲಿ ಇಂಥ ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿಯಲು ಹೆಚ್ಚು ಸಲ ಪ್ರಯತ್ನಿಸಬೇಕಾಯಿತು. ಹೊಸ ಪದಗಳು ಒಂದರ ಮೇಲೊಂದು ಬಿದ್ದು ಅದಲುಬದಲಾಗುತ್ತವೆ. ಅನಾನಸಿಗೆ ಯಾವುದು, ಪೇರಲೆಗೆ ಯಾವುದು ಎಂಬ ಗೊಂದಲ. (ಅನಾನಸಿನ ಮಟ್ಟಿಗೆ ತಪ್ಪು ನಮ್ಮದಲ್ಲ. ಪೋರ್ಚುಗೀಸರ ಜೊತೆ ನಮ್ಮ ಕರಾವಳಿಗೆ ಬಂದ ಈ ಹೆಸರು ಯುರೋಪಿನ ಬಹುಪಾಲು ಭಾಷೆಗಳಲ್ಲೂ ಅದೇ ಆಗಿದೆ. ಬೇರೆ ಹಾದಿ ಹಿಡಿದದ್ದು ಇಂಗ್ಲಿಷ್.)

ಒಂದು ಪದಕ್ಕೆ ಒಂದೇ ಅರ್ಥವೇ?

ಪಟ್ಟಿಯ ದೊಡ್ಡ ಸುಳ್ಳು ಇಲ್ಲಿದೆ. ಅದು ಬರವಣಿಗೆಯಲ್ಲಿಲ್ಲ, ಎರಡು ಪದಗಳ ನಡುವಿನ ‘=’ ಗುರುತಿನಲ್ಲಿದೆ.

ಕಾಗಾಲ, ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳ ಕಗ್ಗವನ್ನೇ ತೆಗೆದುಕೊಳ್ಳಿ. ಉಪ್ಪುನೀರು ತಡೆಯುವ ಈ ತಳಿ ಗದ್ದೆಯಲ್ಲಿರುವಾಗ ಭತ್ತ, ಗಿರಣಿಯಿಂದ ಬಂದರೆ ಅಕ್ಕಿ, ಬಟ್ಟಲಿಗೆ ಬಿದ್ದರೆ ಅನ್ನ. ಕೊಂಕಣಿಯಲ್ಲೂ ಭಾತ, ತಾಂದೂಳ, ಶೀತ ಎಂದು ಮೂರು. ಇಂಗ್ಲಿಷಿನಲ್ಲಿ ಗದ್ದೆಯದು ‘ಪ್ಯಾಡಿ’, ಉಳಿದೆರಡೂ ‘ರೈಸ್’. ಪಟ್ಟಿಯಲ್ಲಿ ‘ರೈಸ್ = ಅಕ್ಕಿ’ ಎಂದಷ್ಟೇ ಓದಿದ ಮಗು, ಊಟದ ತಟ್ಟೆಗೆ ಏನನ್ನಬೇಕು ಎಂದು ತಡವರಿಸುತ್ತದೆ.

ಅದಕ್ಕಿಂತ ಕಷ್ಟ ಕ್ರಿಯಾಪದಗಳದು. ‘ಪುಟ್ = ಹಾಕು’ ಎಂದು ಬಹಳ ಪಟ್ಟಿಗಳಲ್ಲಿರುತ್ತದೆ. ಈಗ ನಾವು ದಿನಕ್ಕೆ ಎಷ್ಟು ಸಲ, ಏನೇನು ಹಾಕುತ್ತೇವೆ ಲೆಕ್ಕ ಹಾಕಿ (ಇಲ್ಲೂ ಹಾಕಿದೆವು!). ಲೈಟು ಹಾಕುತ್ತೇವೆ, ಇಂಗ್ಲಿಷಿನಲ್ಲಿ ಅದು ‘ಸ್ವಿಚ್ ಆನ್’ ಅಥವಾ ‘ಟರ್ನ್ ಆನ್’. ಅಂಗಿ ಹಾಕುತ್ತೇವೆ, ‘ಪುಟ್ ಆನ್’ ಅಥವಾ ‘ವೇರ್’. ಬೀಗ ಹಾಕಿದರೆ ‘ಲಾಕ್’, ಅರ್ಜಿ ಹಾಕಿದರೆ ‘ಅಪ್ಲೈ’, ಓಟು ಹಾಕಿದರೆ ಬರೀ ‘ವೋಟ್’. ‘ಪುಟ್ ದ ಲೈಟ್’ ಎನ್ನುವ ಹುಡುಗನಿಗೆ ಇಂಗ್ಲಿಷ್ ಬರುವುದಿಲ್ಲವೆಂದು ನಗುವವರಿದ್ದಾರೆ. ಅವನು ಪಟ್ಟಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ, ಅಷ್ಟೆ.

‘ಕೇಳು’ ಕೂಡ ಹಾಗೇ. ಪ್ರಶ್ನೆ ಕೇಳಿದರೆ ‘ಆಸ್ಕ್’, ಸದ್ದು ಕೇಳಿದರೆ ‘ಹಿಯರ್’, ಗಮನವಿಟ್ಟು ಹಾಡು ಕೇಳಿದರೆ ‘ಲಿಸನ್’.

ಈ ತೊಡಕು ಕನ್ನಡಕ್ಕೊಂದೇ ಅಲ್ಲ. ಇಂಗ್ಲಿಷ್ ಕಲಿಯುವ ಎಲ್ಲ ಸಣ್ಣ ಭಾಷೆಗಳವರೂ ಇಂಥ ಪಟ್ಟಿಗಳನ್ನು ಮಾಡಿಕೊಳ್ಳುತ್ತಾರೆ. ಯುರೋಪಿನ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಲಾಟ್ವಿಯಾ ಎಂಬ ದೇಶವಿದೆ. ಜನಸಂಖ್ಯೆ 20 ಲಕ್ಷವೂ ಇಲ್ಲ. ಅವರ ಲಾಟ್ವಿಯನ್ ಭಾಷೆಯಲ್ಲಿ ‘ರುವೊಕ’ ಎಂದರೆ ಭುಜದಿಂದ ಬೆರಳ ತುದಿಯವರೆಗೂ ನಡೆಯುವ ಪದ, ಥೇಟ್ ನಮ್ಮ ‘ಕೈ’ಯಂತೆ. ‘ಕಾಯ’ ಎಂದರೆ ನಮ್ಮ ‘ಕಾಲು’. ‘ಪಿರ್ಕ್‌ಸ್ಟ್ಸ್’ ಎಂದರೆ ಬೆರಳು, ಕೈಯದೂ ಆಗಬಹುದು, ಕಾಲಿನದೂ ಆಗಬಹುದು. ಇಂಗ್ಲಿಷಿನಲ್ಲಿ ಮಾತ್ರ ‘ಹ್ಯಾಂಡ್’ ಮತ್ತು ‘ಆರ್ಮ್’, ‘ಫುಟ್’ ಮತ್ತು ‘ಲೆಗ್’, ‘ಫಿಂಗರ್’ ಮತ್ತು ‘ಟೋ’ ಬೇರೆಬೇರೆ. ಹಾಗಾಗಿ ಮೊಣಕೈ ಮೇಲೆ ನೋವಿದ್ದರೂ ‘ಹ್ಯಾಂಡ್ ಪೇನ್’ ಎನ್ನುವ ತಪ್ಪು ಕುಮಟಾದವರಿಗೂ ಸಹಜ, ಲಾಟ್ವಿಯಾದವರಿಗೂ ಸಹಜ. ಬುದ್ಧಿ ಕಡಿಮೆಯೆಂದಲ್ಲ. ಎರಡು ಭಾಷೆಗಳು ಒಂದೇ ಮೈಯನ್ನು ಬೇರೆಬೇರೆ ಕಡೆ ಗೆರೆ ಎಳೆದು ಪಾಲು ಮಾಡಿವೆ.

ಯಾವ ಪದ ಮೊದಲು ಬೇಕು?

1953ರಲ್ಲಿ ಮೈಕೆಲ್ ವೆಸ್ಟ್ ಎಂಬವರು ಹೆಚ್ಚು ಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಬರಹದ ಶೇ. 80ರಷ್ಟು ಅಂಥ ಪದಗಳಲ್ಲೇ ಮುಗಿಯುತ್ತದೆ. ಅವುಗಳಲ್ಲಿ ಬಹಳಷ್ಟು ‘ಗೆಟ್’, ‘ಟೇಕ್’, ‘ಸ್ಟಿಲ್’, ‘ಈವನ್’ನಂಥ ಚಿಲ್ಲರೆ ಪದಗಳು, ಒಂದೇ ಕನ್ನಡ ಪದದಲ್ಲಿ ಅರ್ಥ ಹೇಳಲಾಗದವು. ಫಾರ್ವರ್ಡ್‌ಗಳು ಇವನ್ನು ಬಿಟ್ಟು ಕಾಂಗರೂ, ಜಿರಾಫೆ ಕಡೆ ಹೋಗುವುದಕ್ಕೆ ಕಾರಣವೂ ಅದೇ. ಕಾಂಗರೂವಿಗೆ ಚಿತ್ರ ಅಂಟಿಸಬಹುದು, ‘ಈವನ್’ಗೆ ಯಾವ ಚಿತ್ರ ಅಂಟಿಸುತ್ತೀರಿ?

ಮನೆ ಸುತ್ತಲಿನ ಪದಗಳೂ ಪಟ್ಟಿಯಲ್ಲಿರುವುದಿಲ್ಲ. ಅಘನಾಶಿನಿ ದಂಡೆಯ ಮಗುವಿಗೆ ಬಳಚು ಗೊತ್ತು, ಅದು ಇಂಗ್ಲಿಷಿನಲ್ಲಿ ‘ಕ್ಲ್ಯಾಮ್’ ಎಂದು ಪಟ್ಟಿ ಹೇಳುವುದಿಲ್ಲ. ಭರತ ಮತ್ತು ಇಳಿತ, ‘ಹೈ ಟೈಡ್’ ಮತ್ತು ‘ಲೋ ಟೈಡ್’, ಇರುವುದಿಲ್ಲ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದಾಗ ಇಂಗ್ಲಿಷ್ ಸುದ್ದಿಗಳಲ್ಲೆಲ್ಲ ‘ಎಸ್ಟ್ಯುಅರಿ’ ಎಂಬ ಪದ ಬಂತು. ಅದಕ್ಕೆ ‘ನದೀಮುಖಜ ಪ್ರದೇಶ’ ಎಂದು ಅರ್ಥ ಕೊಟ್ಟರೆ, ಅಳಿವೆಯ ಪಕ್ಕದಲ್ಲೇ ಹುಟ್ಟಿ ಬೆಳೆದ ಮಗುವೂ ಬೆಪ್ಪಾಗಿ ನೋಡುತ್ತದೆ. ಈಗ ಅದು ಒಂದರ ಬದಲು ಎರಡು ಹೊಸ ಪದ ಕಲಿಯಬೇಕು.

ಉಚ್ಚಾರದ ಸಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಅಕ್ಷರದಲ್ಲಿ ‘ವೆಡ್ನೆಸ್‌ಡೇ’ ಎಂದು ಬರೆದಿದ್ದರೆ ಆ ಪಟ್ಟಿ ಮಾಡಿದವರು ಸ್ಪೆಲ್ಲಿಂಗ್ ನೋಡಿ ಬರೆದಿದ್ದಾರೆ, ಕೇಳಿ ಬರೆದಿಲ್ಲ ಎಂದು ತಿಳಿಯಿರಿ. ಆಡುವಾಗ ಅದು ‘ವೆನ್ಸ್‌ಡೇ’. ಸಂಶಯ ಬಂದರೆ ಮೊಬೈಲಿನ ನಿಘಂಟಿನಲ್ಲಿ ಸ್ಪೀಕರ್ ಚಿಹ್ನೆ ಒತ್ತಿ ಕೇಳಿಸಿಕೊಳ್ಳಿ.

ಬಂದ ಫಾರ್ವರ್ಡನ್ನು ಏನು ಮಾಡುವುದು?

ಡಿಲೀಟ್ ಮಾಡಬೇಕಿಲ್ಲ. ಕಾಗಾಲದ ಓದುಗರಿಗೆ ನಾವು ಬರೆದ ಉತ್ತರ ಹೀಗಿದೆ. 50ರಲ್ಲಿ ಏಳೆಂಟು ಪದ ಆರಿಸಿ, ಒಂದೇ ಜಾತಿಯವು ಬೇಡ. ರಟ್ಟಿನ ಚೂರುಗಳ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ನಿಮ್ಮ ಮನೆಯ ಮಾತಿನಲ್ಲಿ ಒಂದು ಪೂರ್ತಿ ವಾಕ್ಯ ಬರೆಯಿರಿ. ‘ಹಾಕು’ ಎಂದಲ್ಲ, ‘ಬಾಗಿಲಿಗೆ ಬೀಗ ಹಾಕು’ ಎಂದು. ಸಂಜೆ ನೀವು ಕನ್ನಡ ಓದಿ, ಮಗಳು ಇಂಗ್ಲಿಷ್ ಹೇಳಲಿ. ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ, ಉತ್ತರ ಚೀಟಿಯ ಹಿಂದೆಯೇ ಇದೆ.

ಸರಿ ಹೇಳಿದ ಚೀಟಿಯನ್ನು ಮೂರು ದಿನ ಬಿಟ್ಟು ಕೇಳಿ, ಆಗಲೂ ಬಂದರೆ ವಾರ ಬಿಟ್ಟು. ತಪ್ಪಿದ್ದನ್ನು ನಾಳೆಯೇ ಕೇಳಿ. ಜರ್ಮನ್ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟ ಡಬ್ಬಿಯ ಉಪಾಯ ಇದೇ. ಚಪ್ಪಲಿ ಡಬ್ಬಿಯಲ್ಲಿ ಮೂರು ಖಾನೆ ಮಾಡಿದರೆ ಸಾಕು, ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಉಳಿದ ಹೊತ್ತು ಮಗಳ ಜೊತೆ ಕನ್ನಡದಲ್ಲೋ ಕೊಂಕಣಿಯಲ್ಲೋ ಮೊದಲಿನಂತೆಯೇ ಮಾತಾಡಿ.

ಪಟ್ಟಿಯನ್ನು ಬೇರೆಯವರಿಗೆ ಕಳಿಸಲೇಬೇಕೆಂದರೆ ಮೇಲಿನ ‘30 ದಿನದಲ್ಲಿ’ ಎಂಬ ಸಾಲು ಅಳಿಸಿ, ‘ಬಲಗಡೆ ಮುಚ್ಚಿಕೊಂಡು ಹೇಳಿ ನೋಡಿ’ ಎಂದು ಸೇರಿಸಿ ಕಳಿಸಿ.