ಗಾಜಿನ ತೊಟ್ಟಿಯಲ್ಲಿ ಮೀಸೆಯ ಮೀನು: ಹೊಸಬರಿಗೆ ಕೆಲವು ಸೂಚನೆಗಳು

ಬೆಳೆಗೆ ಹಸಿ ಗೊಬ್ಬರ ಹಾಕಕೂಡದೆಂಬುದು ನಮ್ಮ ರೈತರೆಲ್ಲರೂ ಬಲ್ಲ ಮಾತು. ತಿಪ್ಪೆಯಲ್ಲಿ ಕಳಿತರೆ ಅದು ಗಿಡಕ್ಕೆ ಅನ್ನ. ಕಳಿಯದಿದ್ದರೆ ಅದೇ ಬೇರನ್ನು ಸುಡುವುದು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರೂ ಮೊದಲು ಕಲಿಯತಕ್ಕ ಪಾಠ ಇದೇ. ನಾನು ಅದನ್ನು ಕಲಿತದ್ದು ನಷ್ಟಪಟ್ಟ ಮೇಲೆ.

ಎರಡು ವರ್ಷದ ಹಿಂದೆ ಮಕ್ಕಳ ಒತ್ತಾಯಕ್ಕೆ ಓಬಳಾಪುರದ ನಮ್ಮ ಮನೆಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ತಂದೆನು. ಬೆಳಗ್ಗೆ ಕೊಳವೆಬಾವಿಯ ನೀರು ತುಂಬಿ, ಸಂಜೆಗೆ ಆರು ಕೋರಿಡೋರಾಸ್ ಮೀನು ಬಿಟ್ಟೆನು. ಎರಡೂವರೆ ಅಂಗುಲದಷ್ಟು ಬೆಳೆಯುವ, ಬಾಯಿಯ ಬಳಿ ಮೀಸೆಯುಳ್ಳ ಈ ಮೀನಿನ ಮೂಲ ದಕ್ಷಿಣ ಅಮೆರಿಕದ ನದಿಗಳು. ಎಂಟು ದಿನದಲ್ಲಿ ನಾಲ್ಕು ಸತ್ತವು. "ನೀರು ತಿಳಿಯಾಗೇ ಐತಲ್ಲಪ್ಪಾ, ಮತ್ಯಾಕೆ ಸತ್ತವು?" ಎಂದು ಮಗಳು ಕೇಳಿದಾಗ, ಮೇಷ್ಟರಾದ ನನ್ನಲ್ಲಿ ಉತ್ತರವಿರಲಿಲ್ಲ.

ನೀರು ಹದವಾಗಬೇಕು

ಉತ್ತರ ಇಷ್ಟು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ನೀರು ಹೆಚ್ಚು ಕ್ಷಾರವಾಗಿದ್ದಷ್ಟೂ ಅಮೋನಿಯಾದ ವಿಷ ಹೆಚ್ಚು. ಕೊಳವೆಬಾವಿಯ ನೀರನ್ನೇ ನೆಚ್ಚಿರುವ ನಾವು ಇದನ್ನು ಮರೆಯಕೂಡದು.

ಆದುದರಿಂದ ಮೀನಿಲ್ಲದೆಯೇ ನೀರು ತುಂಬಿ, ಸ್ಪಂಜಿನ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಸ್ನೇಹಿತರ ಹಳೆಯ ತೊಟ್ಟಿಯ ಸ್ಪಂಜೊಂದು ದೊರೆತರೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಆಗುವುದು. ನೀರು ಪರೀಕ್ಷಿಸುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನು ತನ್ನಿ. ಇವು ಗುಂಪಿನ ಮೀನು. ಐದಾರು ಒಟ್ಟಿಗಿದ್ದರೇ ಗೆಲುವು.

ಆಮೇಲೆ ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಸುಮಾರು 12 ಲೀಟರು ನೀರು ಬದಲಿಸಿ. ಹೊಸ ನೀರನ್ನು ಹಿಂದಿನ ದಿನವೇ ಹಿಡಿದು ತೆರೆದಿಡಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿರಿ. ನಲ್ಲಿಯ ಕೆಳಗೆ ಪಾತ್ರೆಯಂತೆ ಉಜ್ಜಿದರೆ ಉಪಕಾರಿ ಜೀವಿಗಳೂ ಹೋಗುತ್ತವೆ.

ತಳವೇ ಇವುಗಳ ಹೊಲ

ಈ ಮೀನು ಮೀಸೆಯಿಂದ ತಳವನ್ನು ತಡಕಿ ಮೇಯುತ್ತದೆ. ಚೂಪು ಜಲ್ಲಿಯೂ ಕೊಳೆತ ತಳವೂ ಮೀಸೆಯನ್ನು ಸವೆಸುತ್ತವೆ. ನುಣ್ಣನೆಯ ಮರಳನ್ನು ಏಳೆಂಟು ನೀರಿನಲ್ಲಿ ತೊಳೆದು ತೆಳ್ಳಗೆ ಹರಡಿ. "ಇವು ಕೊಳೆ ತಿಂದು ಬದುಕುತ್ತವೆ" ಎಂಬುದು ಸುಳ್ಳು. ತಳಕ್ಕೆ ಮುಳುಗುವ ಗುಳಿಗೆಯ ಆಹಾರವನ್ನು, ದೀಪ ಹಚ್ಚುವ ಹೊತ್ತಿನಲ್ಲಿ, ಸ್ವಲ್ಪವೇ ಕೊಡಿ.

ಹೊಲದಲ್ಲಿ ಔಷಧಿ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಅದ್ದಲೇಕೂಡದು. ಕೀಟನಾಶಕದ ಸೋಂಕು ಸ್ವಲ್ಪವಾದರೂ ಮೀನಿಗೆ ಮಾರಕ.

ಬೇಸಿಗೆಯ ಜಾಗ್ರತೆ

ಇವಕ್ಕೆ ಹಿತವಾದ ಶಾಖ 22ರಿಂದ 26 ಡಿಗ್ರಿ. ನಮ್ಮ ಬೇಸಿಗೆಯೋ 40 ದಾಟುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ತೊಟ್ಟಿಯನ್ನು ಬಿಸಿಲು ಬೀಳದ ಗೋಡೆಯ ಬದಿಗಿಟ್ಟು, ಸುತ್ತ ಒದ್ದೆ ಗೋಣಿ ಕಟ್ಟಿ. ಕರೆಂಟು ಹೋದಾಗ ನಡೆಯಲು ಬ್ಯಾಟರಿಯ ಗಾಳಿಪಂಪು ಇರಲಿ. ನಮ್ಮ ಕೆರೆಯ ಚೇಳುಮೀನಿನಂತೆ ಇವೂ ಮೇಲೆ ಬಂದು ಗಾಳಿ ಗುಟುಕರಿಸುವುದುಂಟು. ಆಗೊಮ್ಮೆ ಈಗೊಮ್ಮೆಯಾದರೆ ಸಹಜ. ಬಿಡುವಿಲ್ಲದೆ ಮೇಲೇರುತ್ತಿದ್ದರೆ ನೀರು ಕೆಟ್ಟಿದೆಯೆಂದು ತಿಳಿದು ಕೂಡಲೇ ಕಾಲುಭಾಗ ಬದಲಿಸಿ.

ಕೆರೆಗೆ ಬಿಡಬೇಡಿ

ಕೊನೆಯದಾಗಿ ಒಂದು ಎಚ್ಚರಿಕೆ. "ತೊಟ್ಟಿ ಚೊಕ್ಕಟ ಮಾಡುತ್ತದೆ" ಎಂದು ಅಂಗಡಿಯವರು ಎರಡಂಗುಲದ ಸಕ್ಕರ್ ಮೀನನ್ನೂ ಮಾರುವರು. ಅದು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ತೊಟ್ಟಿ ಸಾಲದೆ ಜನ ಕೆರೆಗೆ ಬಿಡುತ್ತಾರೆ. ಹೀಗೆ ಹಬ್ಬಿದ ಈ ಮೀನು ಪೂರ್ವಘಟ್ಟದ ಎಷ್ಟೋ ಕೆರೆಕಟ್ಟೆಗಳನ್ನು ಹೊಕ್ಕಿರುವುದನ್ನು ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ನೀರನ್ನು ಪರೀಕ್ಷಿಸಿ ಕಂಡಿದ್ದಾರೆ. ಅದರ ಗಡಸು ಮುಳ್ಳು ಬೆಸ್ತರ ಬಲೆಯನ್ನು ಹರಿಯುತ್ತದೆ. ಊರಿನ ಮೀನಿಗೆ ಮೇವು ತಪ್ಪುತ್ತದೆ. ವೇದಾವತಿಗೋ ಭೈರವಾನಿತಿಪ್ಪ ಜಲಾಶಯಕ್ಕೋ ಒಮ್ಮೆ ಸೇರಿದರೆ ಮರಳಿ ಹಿಡಿಯುವವರು ಯಾರು? ಸಾಕಲಾಗದಿದ್ದರೆ ಅಂಗಡಿಗೇ ಹಿಂತಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ.

ನಮ್ಮ ಮನೆಯಲ್ಲಿ ಉಳಿದಿದ್ದ ಎರಡಕ್ಕೆ, ನೀರು ಹದವಾದ ಮೇಲೆ ನಾಲ್ಕು ಜೊತೆಯಾದವು. ಈ ಬೇಸಿಗೆಯನ್ನು ಆರೂ ದಾಟಿದವು. ಶನಿವಾರ ನೀರು ಬದಲಿಸುವ ಕೆಲಸ ಈಗ ಮಗಳದ್ದೇ.