ಆಟಿಕೆಯ ಬಂದೂಕು ಬಿಚ್ಚಿದ ಮಗು: ಗದರುವ ಮುನ್ನ ಎರಡು ಮಾತು

ಬೆಳಗಾವಿಯಿಂದ ಉತ್ತರಕ್ಕೆ ಪುಣೆಯ ಹೆದ್ದಾರಿ ಹಿಡಿದು ಹೊರಟರೆ ಕೆಲವೇ ನಿಮಿಷಗಳಲ್ಲಿ ಕಾಕತಿ ಸಿಗುತ್ತದೆ. 1778ರಲ್ಲಿ ವೀರರಾಣಿ ಕಿತ್ತೂರು ಚೆನ್ನಮ್ಮಾಜಿ ಜನಿಸಿದ ಪುಣ್ಯಭೂಮಿ ಇದು. ಬಾಲ್ಯದಲ್ಲಿಯೇ ಕುದುರೆ ಸವಾರಿ, ಬಿಲ್ಲುವಿದ್ಯೆ, ಕತ್ತಿವರಸೆಗಳನ್ನು ಕಲಿತವಳೆಂದು ಆ ತಾಯಿಯನ್ನು ನಾಡು ಇಂದಿಗೂ ಕೊಂಡಾಡುತ್ತದೆ. ಅದೇ ಊರಿನಲ್ಲಿ ಕಳೆದ ಬೇಸಿಗೆ ರಜೆಯಲ್ಲಿ ನಾವು ಕಂಡ ಒಂದು ಚಿಕ್ಕ ಪ್ರಸಂಗವನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ.

ನಾವು ಬಂಧುಗಳ ಮನೆಗೆ ಹೋದಾಗ ಪಡಸಾಲೆಯಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬ ಹಳೆಯ ಪತ್ರಿಕೆ ಹಾಸಿಕೊಂಡು, ಸೋದರಮಾವ ತಂದುಕೊಟ್ಟಿದ್ದ ಆಟಿಕೆಯ ಬಂದೂಕನ್ನು ಬಿಚ್ಚಿ ಹರಡಿಕೊಂಡು ಕುಳಿತಿದ್ದನು. ಮೃದುವಾದ ಫೋಮಿನ ಗುಂಡುಗಳನ್ನು ಹಾರಿಸುವ ಬಣ್ಣಬಣ್ಣದ ಬಂದೂಕು ಅದು.

“ಸಾವಿರ ರೂಪಾಯಿ ಸಾಮಾನು, ಹೆಂಗ ಹಾಳ ಮಾಡ್ಯಾನ ನೋಡ್ರಿ” ಎಂದು ಅಜ್ಜಿ ನೊಂದುಕೊಂಡರು.

“ಹಾಳ ಮಾಡಿಲ್ಲ ಆಯಿ, ಜೋರ ಮಾಡಾಕತ್ತೀನಿ” ಎಂದನು ಹುಡುಗ. ಅವನ ಕೈಯಲ್ಲಿ ಎಲ್ಲಿಂದಲೋ ಆಯ್ದು ತಂದ ದಪ್ಪ ತಂತಿಯ ಒಂದು ಸ್ಪ್ರಿಂಗ್ ಇತ್ತು.

ಈ ಆಟಿಕೆಯ ವಂಶವೃಕ್ಷ ಅಮೆರಿಕದ್ದು. 1969ರಲ್ಲಿ ರೇನ್ ಗೈಯರ್ ಎಂಬವರು ರೂಪಿಸಿದ ಫೋಮಿನ ಚೆಂಡು ಮರುವರ್ಷ ‘ನರ್ಫ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಮನೆಯೊಳಗೆ ಎಸೆದಾಡಿದರೂ ಯಾರಿಗೂ ಪೆಟ್ಟಾಗದು, ಏನೂ ಒಡೆಯದು ಎಂಬುದೇ ಅದರ ಹಿರಿಮೆ. ಫೋಮಿನ ಗುಂಡು ಹಾರಿಸುವ ಬಂದೂಕುಗಳು ಆ ಹೆಸರಿನಲ್ಲಿ 1990ರ ದಶಕದ ಆರಂಭದಲ್ಲಿ ಬಂದವು. ಇಂದು ಅವೂ, ಅವುಗಳನ್ನು ಹೋಲುವ ಅಗ್ಗದ ಸಾಮಾನುಗಳೂ ಜಾತ್ರೆಯ ಅಂಗಡಿಗಳವರೆಗೆ ಹಬ್ಬಿವೆ.

ಇದರ ಹೊಟ್ಟೆಯೊಳಗಿರುವುದು ಬಲು ಸರಳವಾದ ಯಂತ್ರ. ಹಿಡಿಯನ್ನು ಹಿಂದಕ್ಕೆ ಎಳೆದಾಗ ಒಂದು ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ. ಕುದುರೆಯನ್ನು ಅದುಮಿದಾಗ ಕೊಂಡಿ ಬಿಡಿಸಿಕೊಂಡು ಪಿಸ್ಟನ್ ಮುನ್ನುಗ್ಗುತ್ತದೆ. ಕೊಳವೆಯೊಳಗಿನ ಗಾಳಿ ಇರುಕಿಗೆ ಸಿಕ್ಕಿ ಗುಂಡನ್ನು ಹೊರದೂಡುತ್ತದೆ. ಬಸ್ತರದ ಜಗದಲಪುರದಲ್ಲಿ ಗೋಂಚಾ ಹಬ್ಬದ ದಿನ ಜನರು ಕಾಡಿನ ಕಾಯಿಗಳನ್ನು ತುಂಬಿ ಸಿಡಿಸುವ ‘ತುಪಕಿ’ ಎಂಬ ಬಿದಿರಿನ ಕೋವಿಯ ಮರ್ಮವೂ ಇದೇ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕೈಗಾರಿಕಾ ಪ್ರದೇಶಗಳನ್ನು ನೋಡಬಹುದು. ಹೈಡ್ರಾಲಿಕ್ ಯಂತ್ರಗಳಿಗೆ ಹೆಸರಾದ ನಮ್ಮ ನಗರದ ಕಾರಖಾನೆಗಳಲ್ಲಿ ಸಿದ್ಧವಾಗುವ ಸಿಲಿಂಡರಿನಲ್ಲಿಯೂ ಇರುವುದು ಕೊಳವೆ, ಪಿಸ್ಟನ್ ಮತ್ತು ಸೋರಿಕೆ ತಡೆಯುವ ರಬ್ಬರಿನ ಬಳೆ. ಅಲ್ಲಿ ಎಣ್ಣೆಯ ಒತ್ತಡ, ಇಲ್ಲಿ ಗಾಳಿಯ ಒತ್ತಡ, ಅಷ್ಟೇ ಅಂತರ.

ಬಾಲಕನ ಚಿಕ್ಕಪ್ಪ ಅಂಥದೇ ಒಂದು ಯಂತ್ರಶಾಲೆಯಲ್ಲಿ ಕೆಲಸ ಮಾಡುವವರು. ಸಂಜೆ ಮನೆಗೆ ಬಂದವರು ಗದರುವರೆಂದು ನಾವೆಲ್ಲ ಎಣಿಸಿದ್ದೆವು. ಅವರು ಕೈಕಾಲು ತೊಳೆದು, ಚಹಾ ಕುಡಿದು, ಹುಡುಗನ ಬಳಿ ಕುಳಿತರು. “ತಮ್ಮಾ, ಒಂದೊಂದ ಸಾಮಾನಿನ ಕೆಲಸಾ ಏನು, ಹೇಳು ನೋಡೋಣು” ಎಂದರು. ಹುಡುಗ ಬಹುಪಾಲು ಸರಿಯಾಗಿಯೇ ಹೇಳಿದನು. ಗುಂಡು ಕೂಡುವ ಜಾಗದ ಹಿಂದಿನ ಚಿಕ್ಕ ಕವಾಟವೊಂದನ್ನು ಮಾತ್ರ “ಇದು ಗಾಳಿಗೆ ಅಡ್ಡ ಬರತೈತಿ ಕಾಕಾ, ತಗದ ಒಗೀತೀನಿ” ಎಂದನು.

ಇಂಥ ಬಂದೂಕು ಬಿಚ್ಚುವವರು ಮೊದಲು ತೆಗೆದೊಗೆಯುವುದು ಆ ಕವಾಟವನ್ನೇ. ಆದರೆ ಅದು ಸುಮ್ಮನೆ ಇಟ್ಟದ್ದಲ್ಲ. ಗುಂಡಿಲ್ಲದೆ ಹಾರಿಸಿದಾಗ ಗಾಳಿಯನ್ನು ತಡೆದು ಪಿಸ್ಟನ್ನಿನ ಹೊಡೆತವನ್ನು ಮೆತ್ತಗಾಗಿಸುವುದು ಅದರ ಒಂದು ಕೆಲಸ. ಕಲ್ಲು, ಪೆನ್ಸಿಲ್ ಮುಂತಾದವನ್ನು ತುರುಕಿ ಹಾರಿಸದಂತೆ ಕಾಯುವುದು ಇನ್ನೊಂದು.

ಚಿಕ್ಕಪ್ಪ ವಾದಿಸಲಿಲ್ಲ. ಬಕೆಟಿನ ಬಾಯಿಗೆ ಪತ್ರಿಕೆಯ ಒಂದೇ ಹಾಳೆಯನ್ನು ಬಿಗಿದು ಕಟ್ಟಿದರು. ಎಲ್ಲರನ್ನೂ ಹಿಂದೆ ನಿಲ್ಲಿಸಿ, ಹುಡುಗನಿಗೂ ತಮಗೂ ಕಾರಖಾನೆಯ ಕನ್ನಡಕ ತೊಡಿಸಿದರು. ಮೊದಲಿನ ಸ್ಪ್ರಿಂಗ್ ಹಾಕಿ ಹಾರಿಸಿದಾಗ ಗುಂಡು ಹಾಳೆಗೆ ತಾಗಿ ಪುಟಿದು ಬಿದ್ದಿತು. ದಪ್ಪ ಸ್ಪ್ರಿಂಗ್ ಹಾಕಿದಾಗ ಹಾಳೆ ಹರಿದು ಗುಂಡು ಬಕೆಟಿನ ತಳ ಸೇರಿತು. “ಈ ಹಾಳಿ ಜಾಗಾದಾಗ ನಿನ್ನ ತಂಗೀ ಕಣ್ಣ ಇದ್ದಿದ್ರ?” ಎಂದು ಅವರು ಕೇಳಿದಾಗ ಹುಡುಗ ಮಾತಾಡಲಿಲ್ಲ. ಬಾಗಿಲ ಬಳಿ ನಿಂತು ನೋಡುತ್ತಿದ್ದ ತಂಗಿಯ ಕಡೆಗೊಮ್ಮೆ ನೋಡಿ, ಆ ಸ್ಪ್ರಿಂಗನ್ನು ತಾನೇ ಹೊರತೆಗೆದನು.

ಲೆಕ್ಕವೂ ಅದನ್ನೇ ಹೇಳುತ್ತದೆ. ಈ ಗುಂಡಿನ ತೂಕ ಸುಮಾರು 1 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ವೇಗ ಇಮ್ಮಡಿಯಾಗಿ 40 ಮೀಟರ್ ಆದರೆ ಹೊಡೆತದ ಶಕ್ತಿ ಇಮ್ಮಡಿಯಾಗುವುದಿಲ್ಲ, ನಾಲ್ಕು ಮಡಿಯಾಗುತ್ತದೆ. ಇದು ಹತ್ತನೆಯ ತರಗತಿ ದಾಟಿದವರೆಲ್ಲ ಓದಿದ ಪಾಠವೇ. ಆದರೆ ಸ್ಪ್ರಿಂಗ್ ಬದಲಿಸುವಾಗ ಅದು ನೆನಪಾಗುವುದು ಅಪರೂಪ.

ಬದಲಿಸದ ಆಟಿಕೆಯೂ ಸಂಪೂರ್ಣ ನಿರಪಾಯಕಾರಿಯಲ್ಲ. ಫೋಮಿನ ಗುಂಡು ಕಣ್ಣಿಗೆ ಬಡಿದ ಮೂವರ ವಿವರವನ್ನು ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು 2017ರಲ್ಲಿ ಪ್ರಕಟಿಸಿದರು. ಅವರಲ್ಲಿ ಒಬ್ಬ 11 ವರ್ಷದ ಬಾಲಕ. ಮೂವರಿಗೂ ಕಣ್ಣಿನೊಳಗೆ ರಕ್ತ ಸೋರಿತ್ತು. ಗಟ್ಟಿಯಾದ ತುದಿಯುಳ್ಳ ಅಗ್ಗದ ಗುಂಡುಗಳ ಬಗೆಗೂ ಆ ವೈದ್ಯರು ಎಚ್ಚರಿಸಿದ್ದರು. ಆದುದರಿಂದ ಕಣ್ಣಿಗೆ ಗುಂಡು ಬಡಿದರೆ ಉಜ್ಜದೆ, ಒತ್ತದೆ, ಮನೆಮದ್ದು ಹಾಕದೆ ಕೂಡಲೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ನೋವು ಕಡಿಮೆಯಾಯಿತೆಂದು ಸುಮ್ಮನಿರಬಾರದು.

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಗುಂಡು ಹಾರಿಸುವ ಆಟಿಕೆಗಳಿಗೂ ಅದರಲ್ಲಿ ಪರೀಕ್ಷೆಗಳುಂಟು. ಆದರೆ ಆ ಮುದ್ರೆ ಸಾಕ್ಷಿ ನುಡಿಯುವುದು ಕಾರಖಾನೆಯಿಂದ ಹೊರಬಂದ ಆಟಿಕೆಗೆ ಮಾತ್ರ. ಒಳಗಿನ ಸ್ಪ್ರಿಂಗ್ ಬದಲಾದ ಗಳಿಗೆಯಿಂದ ಹೊಣೆ ನಮ್ಮದು.

ಹಾಗೆಂದು ಮಕ್ಕಳು ಆಟಿಕೆಯನ್ನು ಬಿಚ್ಚಲೇಬಾರದೇ? ನಮ್ಮ ಅಭಿಪ್ರಾಯ ಹಾಗಲ್ಲ. ಬಿಚ್ಚಲಿ, ಹಿರಿಯರೊಬ್ಬರು ಜೊತೆಗಿರಲಿ. ಮೊದಲು ಗುಂಡುಗಳನ್ನೂ ಸೆಲ್ಲುಗಳನ್ನೂ ತೆಗೆದಿಡಬೇಕು. ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿರಬಾರದು. ಮುಚ್ಚಳ ತೆಗೆಯುವಾಗ ಅದು ಮುಖಕ್ಕೆ ಸಿಡಿಯಬಹುದು. ಕಣ್ಣಿಗೆ ಕನ್ನಡಕ ಬೇಕು. ಭಾಗಗಳು ಕೂತಿರುವ ರೀತಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಉದ್ದ ಮತ್ತು ಗಿಡ್ಡ ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟರೆ ಮರಳಿ ಜೋಡಿಸುವಾಗ ತೊಂದರೆಯಾಗದು. ಹೆಚ್ಚು ಶಕ್ತಿಯ ಬ್ಯಾಟರಿ ತುರುಕುವುದು ಬೆಂಕಿಗೆ ಆಹ್ವಾನ. ನಿಜವಾದ ಬಂದೂಕಿನಂತೆ ಕಾಣಲೆಂದು ಕಪ್ಪು ಬಣ್ಣ ಬಳಿಯುವುದಂತೂ ಸಲ್ಲದು. ನೋಡಿದೊಡನೆ ಆಟಿಕೆಯೆಂದು ತಿಳಿಯಲೆಂದೇ ಅದಕ್ಕೆ ಆ ಗಾಢ ಬಣ್ಣಗಳು.

ಆ ಸಂಜೆ ಕಾಕತಿಯಲ್ಲಿ ದುರಸ್ತಿ ನಡೆಯಿತು. ಆದರೆ ಬೇರೆ ಬಗೆಯದು. ಪಿಸ್ಟನ್ನಿನ ರಬ್ಬರು ಬಳೆ ಸಡಿಲವಾಗಿ ಗಾಳಿ ಸೋರುತ್ತಿದ್ದುದನ್ನು ಹುಡುಗನೇ ಕಂಡುಹಿಡಿದನು. ಬಳೆಯ ಕೆಳಗೆ ನಲ್ಲಿಗೆ ಸುತ್ತುವ ಬಿಳಿಯ ಟೇಪನ್ನು ಎರಡು ಸುತ್ತು ಸುತ್ತಿ, ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿದರು. ಕವಾಟ ತನ್ನ ಜಾಗಕ್ಕೆ ಮರಳಿತು. ಮೊದಲಿನ ಸ್ಪ್ರಿಂಗಿನಿಂದಲೇ ಪ್ರತಿ ಸಲವೂ ಗುಂಡು ಒಂದೇ ಸಮನಾಗಿ ಹಾರತೊಡಗಿತು. ಗೋಡೆಗೆ ಸುಣ್ಣದಕಡ್ಡಿಯಿಂದ ಬರೆದ ವೃತ್ತವೇ ಗುರಿ. ಮೊದಲ ಸರದಿ ತಂಗಿಯದು, ಅದೂ ಕನ್ನಡಕ ತೊಟ್ಟು.

ಇದೇ ಹೆದ್ದಾರಿಯಲ್ಲಿ ಮುಂದೆ ಹತ್ತರಗಿಯ ಬಳಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಆ ಏಕಸ್ ಸಂಸ್ಥೆಯೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಉದ್ಯಮ ಕೇಂದ್ರವನ್ನು ಕೈಗೆತ್ತಿಕೊಂಡಿತು. ಅದಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಿತು. ಇಂದು ಪಡಸಾಲೆಯಲ್ಲಿ ಆಟಿಕೆ ಬಿಚ್ಚುವ ಕೈಗಳಿಗೆ ನಾಳೆ ಇಂಥ ಕಡೆ ಕಾಯಕ ಕಾದಿರಬಹುದು. ಗದರಿ ಎಬ್ಬಿಸಿದರೆ ಆ ಕೈ ಮತ್ತೆ ಸ್ಕ್ರೂ ಡ್ರೈವರ್ ಹಿಡಿಯಲು ಅಂಜೀತು. ನೋಡಿಯೂ ನೋಡದಂತೆ ಬಿಟ್ಟರೆ ಇನ್ನೊಂದು ಮಗುವಿನ ಕಣ್ಣಿಗೆ ಕುತ್ತು ಬಂದೀತು. ತಾಯಿತಂದೆಯರು ರಜೆಯ ಒಂದು ಸಂಜೆಯನ್ನು ಮೀಸಲಿಟ್ಟು ಆ ಚಿಕ್ಕಪ್ಪನಂತೆ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಲಿ ಎಂಬುದೇ ನಮ್ಮ ವಿನಂತಿ.